ಜಿನೋವಿಯಾಳ ಪ್ರಮೇಯ

ಪೀಪಾಯಿ ಮಾಡುವ ತಿಮೊಫೇಯ್ ಚೆಬೋತಾರುವಿನ ಮಗಳು ಜಿನೋವಿಯಾ ಗಣಿತ ಓದಲು ಕಿಶಿನೆವ್ ನಗರಕ್ಕೆ ಹೊರಟಾಗ ಊರ ಹೆಂಗಸರು ಬಾವಿಯ ಹತ್ತಿರ ನಿಂತು ನಕ್ಕಿದ್ದರು. ಲೆಕ್ಕ ಬರುವ ಹುಡುಗಿ ಸೊಸೈಟಿ ಅಂಗಡಿಯಲ್ಲಿ ತಕ್ಕಡಿ ಹಿಡಿದರೆ ಸಾಲದೆ ಎಂದು ಅವರ ಮಾತು. ತಿಮೊಫೇಯ್ ಮಾತ್ರ ತಡೆಯಲಿಲ್ಲ. ಯುದ್ಧ ಮುಗಿದ ಮರುವರ್ಷದ ಬರಗಾಲದಲ್ಲಿ ಅವನ ಗಂಡುಮಕ್ಕಳಿಬ್ಬರೂ ಹೋಗಿದ್ದರು. ಉಳಿದವಳೊಬ್ಬಳು ಏನು ಕೇಳಿದರೂ ಇಲ್ಲ ಎನ್ನುವ ಶಕ್ತಿ ಅವನಲ್ಲಿರಲಿಲ್ಲ.

ಅವಳು ಬೀಜಗಣಿತ ಹಿಡಿದಳು. ನಾವು ನೀವು ಮೂರು ಸಂಖ್ಯೆ ಗುಣಿಸುವಾಗ ಮೊದಲೆರಡನ್ನು ಮೊದಲು ಗುಣಿಸಿದರೂ ಕೊನೆಯೆರಡನ್ನು ಮೊದಲು ಗುಣಿಸಿದರೂ ಉತ್ತರ ಒಂದೇ. ಜಿನೋವಿಯಾಳ ಬೀಜಗಣಿತದಲ್ಲಿ ಹಾಗಲ್ಲ. ಅಲ್ಲಿ ಆವರಣ ಚಿಹ್ನೆ ಒಂದಕ್ಷರ ಆಚೀಚೆ ಸರಿದರೆ ಉತ್ತರವೇ ಬೇರೆ. ಮುಂದೆ ಅವಳು ನಗರದ ಸಂಸ್ಥೆಯೊಂದರಲ್ಲಿ ಪಾಠ ಹೇಳತೊಡಗಿದಾಗ ಮೊದಲ ವರ್ಷದವರಿಗೆ ಮೊದಲ ದಿನವೇ ಹೇಳುತ್ತಿದ್ದಳು: "ಬ್ರಾಕೆಟ್ಟನ್ನ ಕೇಳ್ದೆ ಮುಟ್ಟಬೇಡಿ. ಅದೇನು ನಿಮ್ಮಪ್ಪನ ಮನೆ ಬಾಗಿಲಲ್ಲ."

ಮೂವತ್ತು ದಾಟುವಷ್ಟರಲ್ಲಿ ಅವಳದೊಂದು ಪ್ರಮೇಯ ಹೆಸರು ಮಾಡಿತು. ಅಂಥ ಗುಣಾಕಾರವಿರುವ ಒಂದು ಬಗೆಯ ರಚನೆಗಳೆಲ್ಲ, ಎಷ್ಟೇ ದೊಡ್ಡವಿರಲಿ, ಚಿಕ್ಕ ಚಿಕ್ಕ ತುಂಡುಗಳಾಗಿ ಬಿಡಿಸಿಕೊಳ್ಳುತ್ತವೆ ಎಂದು ಅದರ ಸಾರ. ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಊರವರು ಅದನ್ನು ಕತ್ತರಿಸಿ ಕ್ಲಬ್ಬಿನ ಗೋಡೆಗೆ ಅಂಟಿಸಿದರು. ಬಾವಿಯ ಹತ್ತಿರ ನಕ್ಕವರೇ ಈಗ ಬಂದ ನೆಂಟರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಅವಳ ಕೈಕೆಳಗೆ ಸಂಶೋಧನೆಗೆಂದು ಬಂದವಳು ಅಗ್ರಿಪೀನಾ. ಕಡಿಮೆ ಮಾತು, ಗಟ್ಟಿ ಬುದ್ಧಿ. ಆ ಹುಡುಗಿಯ ಪ್ರಬಂಧವಿಡೀ ಜಿನೋವಿಯಾಳ ಪ್ರಮೇಯದ ಮೇಲೆಯೇ ನಿಂತಿತ್ತು. ಶರತ್ಕಾಲದಲ್ಲಿ ಅದನ್ನು ಪರೀಕ್ಷಕರ ಮುಂದೆ ಮಂಡಿಸಬೇಕಿತ್ತು.

ಆ ವರ್ಷ ಮೇ ತಿಂಗಳಲ್ಲಿ ನಗರದಲ್ಲಿ ಸಮ್ಮೇಳನ ನಡೆಯಿತು. ಜಿನೋವಿಯಾ ಹಲಗೆಯ ಮೇಲೆ ಪ್ರಮೇಯದ ಸಾಧನೆಯನ್ನು ಸಾಲುಸಾಲಾಗಿ ಬರೆಯುತ್ತಿದ್ದಾಗ ಸೈಬೀರಿಯಾದಿಂದ ಬಂದಿದ್ದ ಮುದುಕನೊಬ್ಬ ಕೈಯೆತ್ತಿ, ಮೂರನೆಯ ಸಾಲಿನಲ್ಲಿ ಆವರಣ ಹೇಗೆ ಬಲಕ್ಕೆ ಸರಿಯಿತೆಂದು ಮೆಲ್ಲಗೆ ಕೇಳಿದ. ಅವಳು ತಿರುಗಿ ನೋಡಿದಳು. ನೋಡಿದ ಕೂಡಲೇ ಗೊತ್ತಾಯಿತು. ಸರಿಯುವುದಕ್ಕೆ ಕಾರಣವೇ ಇರಲಿಲ್ಲ. ವರ್ಷಗಟ್ಟಲೆ ಮಕ್ಕಳನ್ನು ಯಾವುದಕ್ಕೆ ಬೈದಿದ್ದಳೋ ಅದನ್ನೇ ಮಾಡಿ ಅಚ್ಚು ಹಾಕಿಸಿದ್ದಳು.

"ಅದು ಸ್ಪಷ್ಟವಾಗೇ ಇದೆ," ಎಂದು ಮುಂದಿನ ಸಾಲಿಗೆ ಹೋದಳು.

ಮುದುಕ ತಲೆಯಾಡಿಸಿ ಕೈ ಇಳಿಸಿದ. ಮುಂಭಾಗದ ಕುರ್ಚಿಯಲ್ಲಿ ಕೂತಿದ್ದ ಅಗ್ರಿಪೀನಾ ತನ್ನ ಗುರು ಎಷ್ಟು ಠೀವಿಯಿಂದ ಉತ್ತರ ಕೊಟ್ಟಳೆಂದು ಪಕ್ಕದವರ ಕಡೆ ನೋಡಿ ನಕ್ಕಳು. ಆ ನಗುವನ್ನು ಕಂಡಾಗ ಜಿನೋವಿಯಾಳ ಕಿವಿ ಕಾದ ಕಬ್ಬಿಣದಂತಾಯಿತು.

ಬೇಸಿಗೆಯೆಲ್ಲ ಅವಳು ಸಾಧನೆಯ ಆ ಬಿರುಕು ಮುಚ್ಚಲು ಹೆಣಗಿದಳು. ಆಗಲಿಲ್ಲ. ಆಗಸ್ಟಿನಲ್ಲಿ ಕೈಗೆ ಸಿಕ್ಕಿದ್ದು ತುಂಡುಗಳಾಗಿ ಬಿಡಿಸಿಕೊಳ್ಳದೆ ಹಟ ಹಿಡಿದು ನಿಂತ ಒಂದು ಪುಟ್ಟ ರಚನೆ. ಪ್ರಮೇಯವೇ ಸುಳ್ಳು. ಅಷ್ಟು ದಿನವೂ ಅಗ್ರಿಪೀನಾ ಅಧ್ಯಾಯಗಳನ್ನು ತಂದು ತೋರಿಸುತ್ತಿದ್ದಳು, ಜಿನೋವಿಯಾ ಅಲ್ಪವಿರಾಮ ತಿದ್ದಿ ಕಳಿಸುತ್ತಿದ್ದಳು.

ವಿಭಾಗದ ಮುಖ್ಯಸ್ಥ ಸೇವಾಸ್ತಿಯನ್‌ಗೆ ಮೊದಲು ಹೇಳಿದಳು. ಅವನು ಬಾಗಿಲು ಹಾಕಿ ಬಂದ. ಯಾರು ಓದುತ್ತಾರೆ, ಹುಡುಗಿಯ ಮಂಡನೆ ಮುಗಿಯಲಿ, ವರ್ಷ ಬಿಟ್ಟು ನಿಧಾನಕ್ಕೆ ನೋಡೋಣ ಎಂದು ಸಮಾಧಾನ ಹೇಳಿದ. ಅವನ ಮಾತು ಕೇಳಿ ಒಳಗೊಳಗೇ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಮರುದಿನವೇ, ಆ ವಾರ ಮನೆಗೆ ಹೋಗಿದ್ದ ಅಗ್ರಿಪೀನಾಳ ಊರಿನ ಬಸ್ಸು ಹತ್ತಿದಳು.

ಅಗ್ರಿಪೀನಾಳ ತಾಯಿ ವಾರ್ವರಾ ಗೇಟಿನ ತನಕ ಓಡಿಬಂದಳು. ಕೋಳಿ ಕುಯ್ದು ಹುಳಿಸಾರು ಮಾಡಿದಳು, ಮೆಕ್ಕೆಜೋಳದ ಬಿಸಿ ಮಮಲಿಗಾ ಮುದ್ದೆಯನ್ನು ಹಲಗೆಗೆ ಮಗುಚಿ ನೂಲಿನಿಂದ ಕೊಯ್ದಳು, ಕುರಿಹಾಲಿನ ಗಿಣ್ಣು ಇಟ್ಟಳು, ನೆಲಮಾಳಿಗೆಯಿಂದ ದ್ರಾಕ್ಷಾರಸ ತಂದಳು.

"ತಿನ್ನಿ ಟೀಚರಮ್ಮಾ. ನಮ್ಮನೇಲಿ ಎರಡಕ್ಷರ ಬರೋರು ಯಾರೂ ಇರ್ಲಿಲ್ಲ. ನನ್ ಮಗಳನ್ನ ಮನುಷ್ಯಳನ್ನಾಗಿ ಮಾಡಿದ್ರಿ. ದಿನಾ ದೀಪ ಹಚ್ಚೋವಾಗ ನಿಮ್ ಹೆಸರು ಹೇಳ್ತೀನಿ."

ಜಿನೋವಿಯಾ ತಲೆ ತಗ್ಗಿಸಿ ತಿಂದಳು. ತಟ್ಟೆ ಖಾಲಿಯಾದಂತೆ ವಾರ್ವರಾ ಇನ್ನಷ್ಟು ಬಡಿಸಿದಳು. ಊಟವಾದ ಮೇಲೆ ತಾಯಿ ಕೋಳಿಗೂಡಿನ ಕಡೆ ಹೋದಾಗ ಜಿನೋವಿಯಾ ಎಲ್ಲವನ್ನೂ ಹೇಳಿದಳು.

ಅಗ್ರಿಪೀನಾ ಮೇಜಿನ ಮೇಲಿನ ಚೂರುಗಳನ್ನು ಅಂಗೈಯಿಂದ ಒಟ್ಟುಗೂಡಿಸುತ್ತ ಕೇಳಿದಳು: "ಯಾವಾಗ ಗೊತ್ತಾಯ್ತು?"

"ಆ ಅಜ್ಜ ಕೇಳಿದಾಗ."

"ಅವತ್ತೇ?"

"ಅವತ್ತೇ."

"ಮತ್ತೆ ಬೇಸಿಗೆ ಪೂರ್ತಿ ನನ್ ಕೈಲಿ ಬರೆಸಿದ್ರಿ." ಅವಳ ದನಿ ಏರಲಿಲ್ಲ. "ತಪ್ಪಾಗಿದ್ದಕ್ಕೆ ಏನೂ ಅನ್ಸಲ್ಲ ನಂಗೆ. ನಾನೂ ಮೂರು ವರ್ಷ ಆ ಸಾಲು ಓದಿದೀನಿ, ಕಂಡಿಲ್ಲ. ಆದ್ರೆ ಗೊತ್ತಿದ್ದೂ ನನ್ ಪುಟ ತಿದ್ತಾ ಕೂತಿದ್ರಲ್ಲ, ಅದು..."

ಜಿನೋವಿಯಾ ಹೊರಡಲು ಎದ್ದಳು. ವಾರ್ವರಾ ಕಟ್ಟಿಕೊಟ್ಟ ಮೊಟ್ಟೆಗಳನ್ನು ಬೇಡವೆನ್ನಲೂ ಆಗದೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು.

ಮುಂದಿನ ವಾರ ವಿಭಾಗದ ಸಭೆಯಲ್ಲಿ ತನ್ನ ಪ್ರಮೇಯ ಸುಳ್ಳೆಂದು ಎದ್ದು ನಿಂತು ಹೇಳಿದಳು. ಗಣಿತದ ಪತ್ರಿಕೆಯಲ್ಲಿ ಅರ್ಧ ಪುಟದ ತಿದ್ದುಪಡಿ ಅಚ್ಚಾಯಿತು. ಬೇರೆ ವಿಷಯ ಕೊಡಿಸುತ್ತೇನೆಂದರೂ ಒಪ್ಪದೆ ಅಗ್ರಿಪೀನಾ ಸೊರೋಕಾ ಪಟ್ಟಣದ ಶಾಲೆಗೆ ಗಣಿತ ಟೀಚರಾಗಿ ಹೋದಳು. ಊರಿನ ಕ್ಲಬ್ಬಿನ ಗೋಡೆಯಿಂದ ಚಿತ್ರವನ್ನು ಯಾರೂ ಕೀಳಲಿಲ್ಲ, ತಿದ್ದುಪಡಿಯ ಸುದ್ದಿ ಅಲ್ಲಿಗೆ ತಲುಪಲೇ ಇಲ್ಲ. ಆ ಚಿತ್ರದೆದುರು ನಿಲ್ಲಲಾರದೆ ಜಿನೋವಿಯಾ ಅಪ್ಪನ ಶವಸಂಸ್ಕಾರದ ನಂತರ ಊರಿಗೆ ಕಾಲಿಡುವುದನ್ನೇ ಬಿಟ್ಟಳು.

ಕೆಲಸ ಮಾತ್ರ ಬಿಡಲಿಲ್ಲ. ಬಹಳ ವರ್ಷಗಳ ಮೇಲೆ, ಒಂದು ಷರತ್ತು ಹೆಚ್ಚಿಗೆ ಸೇರಿಸಿದರೆ ಪ್ರಮೇಯ ನಿಲ್ಲುತ್ತದೆಂದು ಸಾಧಿಸಿದಳು. ಅಗ್ರಿಪೀನಾಳ ಪ್ರಬಂಧದ ಒಂದು ಉಪಾಯ ಅದರಲ್ಲಿ ಬಳಕೆಯಾಗಿತ್ತು. ಲೇಖನಕ್ಕೆ ಅವಳ ಹೆಸರನ್ನೂ ಸೇರಿಸುವ ಅಪ್ಪಣೆ ಕೇಳಲು ಸೊರೋಕಾಗೆ ಹೋದಳು. ಅಗ್ರಿಪೀನಾ ಶಾಲೆಯ ಬಾಗಿಲಲ್ಲೇ ಸಿಕ್ಕಳು. ಮೈತುಂಬಿಕೊಂಡಿದ್ದಳು, ಬೆರಳಿಗೆಲ್ಲ ಸೀಮೆಸುಣ್ಣ. ಹೆಸರು ಹಾಕಿಕೊಳ್ಳಿ ಎಂದು ಸುಲಭವಾಗಿ ಹೇಳಿದಳು. ಮನೆಗೆ ಬನ್ನಿ, ಗಿಣ್ಣಿನ ಕಡುಬು ಮಾಡಿದ್ದೇನೆ ಎಂದು ಕರೆದಳು.

ಆ ಒಳ್ಳೆಯತನವನ್ನು ಜಿನೋವಿಯಾಳಿಗೆ ತಡೆಯಲಾಗಲಿಲ್ಲ. ಬಸ್ಸು ಹೊರಟುಬಿಡುತ್ತದೆ ಎಂದಳು. ಹೊರಡುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಅಗ್ರಿಪೀನಾ ನಿಲ್ದಾಣದವರೆಗೂ ಬಂದು, ನೆಂಟರನ್ನು ಬೀಳ್ಕೊಡುವ ರೂಢಿಯಂತೆ, ಜಿನೋವಿಯಾ ಹತ್ತಿ ಕೂತ ಕಿಟಕಿಯ ಕೆಳಗೆ ನಿಂತಳು. ಖಾಲಿ ಬಸ್ಸು. ಚಾಲಕ ಎದುರಿನ ಬೆಂಚಿನಲ್ಲಿ ಸೂರ್ಯಕಾಂತಿ ಬೀಜ ಸುಲಿದು ಸಿಪ್ಪೆ ಉಗಿಯುತ್ತಿದ್ದ. ಚಳಿಗಾಳಿಗೆ ಅಗ್ರಿಪೀನಾಳ ತಲೆವಸ್ತ್ರ ಹಾರುತ್ತಿತ್ತು. ಅವಳು ಕದಲಲಿಲ್ಲ.

ಕೊನೆಗೆ ಜಿನೋವಿಯಾ ಇಳಿದುಬಂದಳು. "ಬಸ್ಸಿಗೆ ಹೊತ್ತಿದೆ ಅಂತ ಗೊತ್ತಿತ್ತು ನಂಗೆ," ಎಂದಳು, ಮುಖ ಎತ್ತದೆ.

"ನಂಗೂ ಗೊತ್ತಿತ್ತು. ವೇಳಾಪಟ್ಟಿ ಅಲ್ಲೇ ನೇತಾಕಿದಾರೆ," ಎಂದಳು ಅಗ್ರಿಪೀನಾ, ಅವಳ ಕೈಚೀಲ ತೆಗೆದುಕೊಂಡು. "ನಡೀರಿ, ಕಡುಬು ಆರಿಹೋಗತ್ತೆ."

ದಾರಿಯುದ್ದಕ್ಕೂ ಇಬ್ಬರೂ ಗಣಿತದ ಮಾತೆತ್ತಲಿಲ್ಲ. ಮೇಜಿನ ಮುಂದೆ ಕೂತಾಗಲೂ ಜಿನೋವಿಯಾಳ ನಾಚಿಕೆ ಹೋಗಿರಲಿಲ್ಲ. ಆದರೂ ಎರಡನೆಯ ಸಲ ಬಡಿಸಿದಾಗ ಬೇಡ ಅನ್ನಲಿಲ್ಲ.