ತಕ್ಕಡಿ ಚಾಚಾ

ಹೋದ ವಾರ ಸೊಸೆ ಸ್ಟೋವ್‌ಗೆ ಚಿಮಣಿ ಎಣ್ಣೆ ಹಾಕಿ, ಡಬ್ಬಿಯನ್ನು ಅಕ್ಕಿ ಚೀಲದ ಬಾಜೂಕ ಇಟ್ಟಳು. "ಅಲ್ಲಿ ಇಡಬ್ಯಾಡವಾ, ತಗಿ ಅದನ್ನ," ಎಂದೆ. ನನ್ನ ದನಿಯ ಬಿರುಸಿಗೆ ಆಕೆ ಗಾಬರಿಯಾಗಿ ನೋಡಿದಳು. ಡಬ್ಬಿ ಹೊರಗೆ ಹೋಯಿತು. ವಾಸನೆ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು... ನಾನು ಕೂತಲ್ಲೇ ನಲವತ್ತು ವರ್ಷ ಹಿಂದಕ್ಕೆ ಹೋದೆ.

ಸಾವಿರದ ಒಂಬೈನೂರ ಇಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಳಗಾವಿ ಪೇಟೆಯ ದರಕ್ಕೂ ತೂಕಕ್ಕೂ ಬೇಸತ್ತ ನಾಲ್ಕಾರು ಗಲ್ಲಿಗಳ ಜನ ಕೈಲಾದಷ್ಟು ಶೇರಿನ ಹಣ ಹಾಕಿ ಸಹಕಾರಿ ಅಂಗಡಿ ತೆರೆದಿದ್ದರು. ಇಂಗ್ಲಿಷ್ ಓದಿದವನೆಂದು ನನ್ನನ್ನು ಸೆಕ್ರೆಟರಿ ಮಾಡಿದ್ದರು. ಆಗ ನನಗೆ ಇಪ್ಪತ್ತಾರು. ಅಕ್ಕಿ ಖಾನಾಪುರದಿಂದ ರೈಲಿನಲ್ಲಿ ಬರುತ್ತಿತ್ತು. ಅದನ್ನು ತೂಗಿ ಕೊಡುವವರೂ ಖಾನಾಪುರದವರೇ, ಒಬ್ಬ ಮುಸಲ್ಮಾನ ಹಿರಿಯರು. ಎಲ್ಲರಿಗೂ ಅವರು ಚಾಚಾ.

ಚಾಚಾ ಶೇರುದಾರರನ್ನು ಗಿರಾಕಿ ಎನ್ನುತ್ತಿರಲಿಲ್ಲ. "ಬರ್ರಿ ಮಾಲಕರ," ಎನ್ನುತ್ತಿದ್ದರು. ಅಧ್ಯಕ್ಷರಾದ ವಕೀಲರಿಗೂ ಅದೇ ಮಾತು, ಒಂದೇ ಶೇರಿನ ಬಡವರಿಗೂ ಅದೇ ಮಾತು. ವಕೀಲರ ಮನೆಯ ಆಳು ಬಂದರೂ ಸಾಲಿನಲ್ಲಿ ನಿಲ್ಲಬೇಕು. ತೂಗುವ ಮೊದಲು ಬರಿ ತಕ್ಕಡಿ ಎತ್ತಿ ತೋರಿಸುವರು. ನೋಡಿದೆವೆಂದು ಮಾಲಕರು ತಲೆಯಾಡಿಸಿದ ಮೇಲೆಯೇ ಅಕ್ಕಿ. ನನಗೆ ಇದೆಲ್ಲ ತುಸು ಅತಿ ಅನಿಸುತ್ತಿತ್ತು.

ಒಂದು ಶ್ರಾವಣದ ಮಧ್ಯಾಹ್ನ ಸ್ಟೇಶನ್ನಿನಿಂದ ಚಿಮಣಿ ಎಣ್ಣೆಯ ಡಬ್ಬಿಗಳು ಬಂದವು. ಅವನ್ನಿಡುವ ಹಿತ್ತಲಿನ ಶೆಡ್ಡಿನಲ್ಲಿ ಮೊಣಕಾಲುದ್ದ ನೀರು. ಅಕ್ಕಿ ಕೋಣೆಯಲ್ಲಿ ಇಡಿಸಿ ಎಂದೆ.

"ಬ್ಯಾಡ್ರಿ ಸಾಹೇಬ್ರ," ಎಂದರು ಚಾಚಾ. "ಅಕ್ಕಿ ವಾಸನಿ ಹಿಡಿತೈತಿ. ಹೊರಗ ಕಟ್ಟಿ ಮ್ಯಾಲ ಇಡೂಣು, ನಾ ಕಾಯ್ತೀನಿ."

"ಕಳುವಾದ್ರ ಯಾರು ಹೊಣಿ? ನಾಕ ದಿನದ ಮಾತು. ಹೇಳಿದಷ್ಟ ಮಾಡ್ರಿ."

ನಾಲ್ಕು ದಿನ ಹೋಗಿ ಹತ್ತಾಯಿತು. ಎರಡು ಡಬ್ಬಿಗಳ ಬೆಸುಗೆ ಬಿಟ್ಟಿತ್ತು. ಚೀಲ ವಾಸನೆ ಹೊಡೆಯುತ್ತಿದೆ, ಈ ಅಕ್ಕಿ ಕೊಡುವುದು ಬೇಡ ಎಂದು ಚಾಚಾ ಮತ್ತೆ ಬಂದು ಹೇಳಿದರು. "ಚೀಲಕ್ಕ ಬಂದ್ರ ಅಕ್ಕಿಗೂ ಬರತೈತೇನು? ತೂಗ್ರಿ," ಎಂದೆ. ತೂಗಿದರು. ಆ ದಿನ ಅವರು ಯಾರನ್ನೂ ಮಾಲಕರ ಎಂದು ಕರೆಯಲಿಲ್ಲ.

ಮನೆಮನೆಯಿಂದ ದೂರು ಬಂದು ಆ ರವಿವಾರ ಸಭೆ ಕರೆಯಲೇಬೇಕಾಯಿತು. ಒಬ್ಬ ಜೈನ ವಿಧವೆ ಹಿತ್ತಾಳೆ ಪಾತ್ರೆಯಲ್ಲಿ ಅನ್ನ ತಂದು ಅಧ್ಯಕ್ಷರ ಮುಂದಿಟ್ಟು ಮುಚ್ಚಳ ತೆಗೆದರು.

"ಹೊತ್ತು ಮುಳುಗೂದ್ರಾಗ ಉಣ್ಣೋ ಮಂದಿ ನಾವು. ಇದನ್ನ ಬಿಟ್ಟು ಮತ್ತ ಅಡಗಿ ಮಾಡೂದ್ರಾಗ ಹೊತ್ತು ಮುಳುಗಿತ್ರಿ. ಮಕ್ಕಳು ಹಂಗ ಮಲಗಿದ್ವು."

"ಚಾಚಾ, ಇದೆಲ್ಲಾ ನಿಮ್ಮ ಕಣ್ಣಮುಂದ ಇತ್ತಲ್ಲ?" ಎಂದರು ಅಧ್ಯಕ್ಷರು.

"ಇತ್ರಿ," ಎಂದರು ಚಾಚಾ. ಅಷ್ಟೇ ಅಂದು ನನ್ನ ಕಡೆ ನೋಡಿದರು. ನಾನು ಮುಂದಿದ್ದ ಕಾಗದಗಳ ಅಂಚು ಕೂಡಿಸುತ್ತ ಕೂತೆ. ಅವರು ಬಹಳ ಹೊತ್ತು ನೋಡಿದರು... ಅವರನ್ನು ಕೆಲಸದಿಂದ ತೆಗೆಯಬೇಕೆಂದು ಸಭೆ ನಿರ್ಣಯಿಸಿತು; ಆ ಠರಾವನ್ನು ನಾನೇ ನನ್ನ ಕೈಯಾರೆ ಬರೆದೆ.

ವಾರದ ಮೇಲೆ ಖಾನಾಪುರಕ್ಕೆ ಹೋದೆ. ಚಾಚಾ ಅಂಗಳದಲ್ಲಿ ಒಡೆದ ಹಂಚು ಆರಿಸುತ್ತಿದ್ದರು. ಕುಂದರ್ರಿ ಎನ್ನಲಿಲ್ಲ.

"ತಪ್ಪಾತು ಚಾಚಾ," ಎಂದೆ.

"ನನಗ ಗೊತ್ತೈತ್ರಿ ಅದು. ನನ್ನ ಮುಂದ ಯಾಕ ಹೇಳ್ತೀರಿ? ಮಾಲಕರ ಮುಂದ ಹೇಳ್ರಿ."

ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ. ಹೇಳಿದರೆ ಜನರ ನಂಬಿಕೆ ಹೋಗಿ ಸಂಘ ಒಡೆದೀತು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಖರೇ ಅಂದರೆ ನನಗೆ ಸಂಘದ ಚಿಂತೆ ಇರಲಿಲ್ಲ. ನಾಲ್ಕು ಮಂದಿ ನನಗೆ ಮಾಡುತ್ತಿದ್ದ ನಮಸ್ಕಾರದ ಚಿಂತೆಯಿತ್ತು. ಹೊಸದಾಗಿ ಬಂದ ತೂಗುವವನು ಬರಿ ತಕ್ಕಡಿ ತೋರಿಸುತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ. ನನಗೊಬ್ಬನಿಗೇ ಅದು ದಿನಾ ಕಾಣುತ್ತಿತ್ತು.

ಒಂದು ವರ್ಷ ಕಳೆಯಿತು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಗದ್ದಲವಾದೀತೆಂದು ಕಾದೆ. ಒಬ್ಬಿಬ್ಬರು ಲೊಚಗುಟ್ಟಿದರು. ಅಧ್ಯಕ್ಷರು, "ಆಗಿ ಹೋದ ಮಾತು, ಬಿಡ್ರಿ ಈಗ," ಎಂದರು. ರಾಜೀನಾಮೆಯನ್ನೂ ಯಾರೂ ಕೇಳಲಿಲ್ಲ.

ಆ ವಿಧವೆ ಮಾತ್ರ ಎದ್ದರು. "ಬಿಡ್ರಿ ಅಂದ್ರ ಹ್ಯಾಂಗ? ಆ ಚಾಚಾನ್ನ ಕರಕೊಂಡು ಬರೂದು ಯಾವಾಗ?"

ಎಲ್ಲರೂ ಕೈ ಎತ್ತಿದರು. ಮರುದಿನದ ಮೊದಲ ರೈಲಿಗೆ ಅವರನ್ನು ಮರಳಿ ಕರೆಯುವ ಠರಾವಿನ ಪ್ರತಿ ಹಿಡಿದು ಖಾನಾಪುರಕ್ಕೆ ಹೋದೆ. ಚಾಚಾರ ಹೆಂಡತಿ ಪರದೆಯ ಹಿಂದಿನಿಂದಲೇ ಮಾತಾಡಿದರು.

"ಅವರು ತೀರಿಹೋಗಿ ಎರಡು ತಿಂಗಳಾತ್ರಿ."

ಕೈಯಲ್ಲಿದ್ದ ಕಾಗದವನ್ನು ಮಡಚಿದೆ. ಅವರೇ ಮುಂದೆ ಹೇಳಿದರು: "ಬೆಳಗಾವಿಂದ ಯಾರರ ಬಂದಿದ್ರೇನು ಅಂತ ಮೊದಮೊದಲ ದಿನಾ ಕೇಳ್ತಿದ್ರು. ಆಮ್ಯಾಲ ಕೇಳೂದು ಬಿಟ್ರು."

ಕಾಗದದಲ್ಲಿ ಏನಿದೆ ಎಂದು ಕೇಳಿದರು. ಹೊಸ್ತಿಲ ಹೊರಗೆ ನಿಂತು ಓದಿ ಹೇಳಿದೆ.

ಸಹಕಾರಿ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಅಂದಿನ ಮಾಲಕರಲ್ಲಿ ಉಳಿದವನು ಬಹುಶಃ ನಾನೊಬ್ಬನೇ. ಅವರೆಲ್ಲ ನನ್ನನ್ನು ಅರ್ಧ ತಾಸಿನೊಳಗೆ ಕ್ಷಮಿಸಿದ್ದರು. ಅಷ್ಟು ಹಗುರದ ಮಾತನ್ನು ಆಡಲು ನನಗೆ ಒಂದು ವರ್ಷ ಬೇಕಾಯಿತು. ಚಾಚಾರ ಹತ್ತಿರ ಇದ್ದದ್ದು ಹತ್ತೇ ತಿಂಗಳು.