ಹಸಿರು ಗುಂಡಿಯ ಮೇಲಿನ ಬೆರಳು

ನಮ್ಮನೆಯವರು ಹುಟ್ಟಾ ಹೆದರುಪುಕ್ಕಲರು. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಮದುವೆಯಾದ ಹೊಸದರಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ಹಲ್ಲಿ ಕಂಡರೆ ಕುರ್ಚಿ ಹತ್ತುವವರು. ಫೋನು ಹೊಡೆದುಕೊಂಡರೆ ಮೊದಲು ನನ್ನ ಮುಖ ನೋಡಿ ಆಮೇಲೆ ಎತ್ತುವವರು. ಇಂಥವರು ನಾಲ್ಕು ಸಲ ಗೆದ್ದು ಸಂಸತ್ತಿನಲ್ಲಿ ಕೂತಿದ್ದರು ಅಂದರೆ ನಗಬೇಡಿ. ಹೆದರುವವರಿಗೇ ಅಲ್ಲಿ ಬಾಳಿಕೆ ಜಾಸ್ತಿ.

ಅದಕ್ಕೂ ಮೊದಲು ಅವರು ಸಂಸತ್ತು ಇರುವ ಈ ನಮ್ಮ ಊರಿನಲ್ಲೇ ಸಿಟಿ ಬಸ್ಸಿನ ಕಂಡಕ್ಟರು. ಟಿಕೆಟ್ ಹರಿದು, ಗಂಟೆಯ ಹಗ್ಗ ಎಳೆದು, "ರೈಟ್!" ಅಂತ ಕೂಗುವುದೊಂದೇ ಅವರು ಜೋರಾಗಿ ಆಡುತ್ತಿದ್ದ ಮಾತು. ಡಿಪೋದ ಸಂಘಕ್ಕೆ ಕಾರ್ಯದರ್ಶಿ ಆದದ್ದೂ ಹಾಗೇ. ಇಬ್ಬರು ಮುಖಂಡರು ಕುರ್ಚಿಗೆ ಕಿತ್ತಾಡುತ್ತಿದ್ದರು, ಇವರಿಂದ ತೊಂದರೆಯಿಲ್ಲ ಅಂತ ಇಬ್ಬರಿಗೂ ಅನ್ನಿಸಿತು. ಚುನಾವಣೆ ಬಂದಾಗ ಪಕ್ಷದವರಿಗೂ ಹಾಗೇ ಅನ್ನಿಸಿತು. ದಿನಾ ಬಸ್ಸು ಹತ್ತುವ ಜನಕ್ಕೆ ಮುಖ ಪರಿಚಯವಿತ್ತು, ಗೆದ್ದೇಬಿಟ್ಟರು.

ಸಂಸತ್ತಿನಲ್ಲಿ ಅವರು ಮಾಡಿದ ಭಾಷಣ ಒಂದೇ, ಬಸ್ಸಿನ ಹಿಂಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಅನ್ನುವುದರ ಬಗ್ಗೆ. ಮಿಕ್ಕಂತೆ ಅವರ ಕೆಲಸ ಮತ ಹಾಕುವುದು. ಅಲ್ಲಿ ಪ್ರತಿಯೊಬ್ಬರ ಮೇಜಿನ ಮೇಲೂ ಗುಂಡಿಗಳಿರುತ್ತವೆ. ಹಸಿರು ಅಂದರೆ ಹೌದು, ಕೆಂಪು ಅಂದರೆ ಇಲ್ಲ. ಗಂಟೆ ಹೊಡೆದಾಗ ಒತ್ತಬೇಕು, ಎದುರಿನ ದೊಡ್ಡ ಫಲಕದಲ್ಲಿ ಹೆಸರಿನ ಪಕ್ಕ ದೀಪ ಹತ್ತುತ್ತದೆ. ಎಲ್ಲರೂ ಪಕ್ಷ ಹೇಳಿದಂತೆಯೇ ಒತ್ತಿದರೋ ಅಂತ ಕಾಯುವುದಕ್ಕೆ ಸಚೇತಕ ಅಂತ ಒಬ್ಬನಿರುತ್ತಾನೆ. ನಮ್ಮವರ ಬೆನ್ನಿಗೇ ಅವನ ಕುರ್ಚಿ.

ನಮ್ಮವರ ಹೆಸರಿಗೆ ಒಂದು ಸಲವೂ ಹಸಿರು ಬಿಟ್ಟು ಬೇರೆ ದೀಪ ಹತ್ತಿರಲಿಲ್ಲ. "ಗಂಟೆ ಕೇಳಿದ್ರೆ ಕೈ ತಾನಾಗೇ ರೈಟ್ ಅನ್ನತ್ತೆ ಕಣೇ" ಅನ್ನುತ್ತಿದ್ದರು. ಜೊತೆಯವರು ಹಸಿರಣ್ಣ ಅಂತ ಹೆಸರಿಟ್ಟಿದ್ದರು. ಯಾರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಅಂತ ಪತ್ರಿಕೆಯೊಂದು ಛಾಪಿಸಿದಾಗ ಇವರ ಹೆಸರಿನ ಕೆಳಗೆ ಹಸಿರೋ ಹಸಿರು. "ನಾಲ್ಕು ಹಸು ಕಟ್ಟಿದ್ರೆ ಚೆನ್ನಾಗಿ ಮೇಯುತ್ವೆ" ಅಂದೆ. ಅವರೂ ನಕ್ಕರು.

ಓಣಿಗಳ ಮಸೂದೆ ಬಂದ ಮೇಲೆ ನಮ್ಮ ಮನೆಯಲ್ಲಿ ಆ ನಗು ನಿಂತುಹೋಯಿತು.

ರೈಲು ಹಳಿಯ ಪಕ್ಕದ ಹಳೇ ಓಣಿಗಳನ್ನು ಸರ್ಕಾರ ಬೇಕೆಂದಾಗ ನೆಲಸಮ ಮಾಡಬಹುದು, ನೋಟಿಸು ಬೇಕಿಲ್ಲ, ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಅಂಥದೊಂದು ಓಣಿಯಲ್ಲೇ ಇವರ ಅಕ್ಕನ ಮನೆ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ನು ತುಳಿದು ಇವರನ್ನು ಸಾಕಿದವರು ಆ ನಮ್ಮ ಅತ್ತಿಗೆ. ತಮ್ಮನ ಓದು, ಕೆಲಸ ಅಂತ ತಾವು ಮದುವೆಯನ್ನೇ ಆಗಲಿಲ್ಲ. ಎರಡು ಕೋಣೆ, ಕಿಟಕಿಯ ಕೆಳಗೆ ಮಿಷನ್ನು, ಮೊಳೆಗೆ ನೇತುಹಾಕಿದ ಅರ್ಧಂಬರ್ಧ ಹೊಲಿದ ಶಾಲೆಯ ಅಂಗಿಗಳು.

ಸುದ್ದಿ ತಿಳಿದ ದಿನ ಅತ್ತಿಗೆ ಮಿಷನ್ನಿನಿಂದ ಕಾಲು ತೆಗೆಯದೆ ಕೇಳಿದರು. "ಪುಟ್ಟಾ, ಇದಕ್ಕೂ ಹೂಂ ಅಂತೀಯೇನೋ?"

ಇವರು ನೂಲಿನ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ, "ಇಲ್ಲಕ್ಕಾ. ಈ ಸಲ ಇಲ್ಲ ಅಂತೀನಿ" ಅಂದರು.

ಅತ್ತಿಗೆ ನಂಬಿದರು. ನನಗೆ ಮಾತ್ರ ಆ ಮಾತೇ ಬೇಡವಾಗಿತ್ತು. ಯಾಕೆಂದರೆ ಹಿಂದೆ ಇದೇ ಪಕ್ಷದಲ್ಲಿ ಒಬ್ಬ ವಕೀಲರು ಕೆಂಪು ಒತ್ತಿದ್ದರು. ಮೊದಲು ಅವರ ಕಾರಿನ ಗಾಜು ಒಡೆಯಿತು, ಆಮೇಲೆ ಅವರ ಕಾಲು ಮುರಿಯಿತು. ಮನೆಯ ಮೆಟ್ಟಿಲಿಂದ ಜಾರಿ ಬಿದ್ದರು ಅಂತ ಸುದ್ದಿಯಾಯಿತು. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ.

ಇವರ ಮಾತು ಯಾರ ಬಾಯಿಂದ ಯಾರ ಕಿವಿಗೆ ಹೋಯಿತೋ, ವಾರ ಕಳೆಯುವುದರೊಳಗೆ ಸಚೇತಕ ನಮ್ಮ ಮನೆಗೇ ಬಂದ. ನಾನು ಕೊಟ್ಟ ಟೀ ಮುಟ್ಟಲಿಲ್ಲ. ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನಿಧಾನವಾಗಿ ನೋಡಿದ.

"ಇವರು ನಿಮ್ಮಕ್ಕ ಅಲ್ವಾ? ಒಬ್ಬರೇ ಇರ್ತಾರಂತೆ. ವಯಸ್ಸಾದವರು, ಸ್ವಲ್ಪ ನೋಡ್ಕೊಳ್ಳಿ" ಅಂದು ಎದ್ದು ಹೋದ.

ಅವತ್ತಿನಿಂದ ಎದುರು ರಸ್ತೆಯಲ್ಲಿ ಒಂದು ಬೈಕು, ಅದರ ಮೇಲೆ ಇಬ್ಬರು. ನಾನು ಹಾಲು ತರಲು ಹೋದರೆ ಬೈಕೂ ಅಂಗಡಿಯ ತನಕ ಬರುತ್ತಿತ್ತು. ನಾನು ಯಾರಿಗೂ ಹೆದರದವಳು ಅಂತ ಜಂಬ ಕೊಚ್ಚಿಕೊಂಡಿದ್ದೆಲ್ಲ ಆ ಅಂಗಡಿಯ ತಿರುವಿನಲ್ಲಿ ಇಳಿದುಹೋಯಿತು.

"ರೀ, ಹಸಿರು ಒತ್ತಿಬಿಡಿ" ಅಂದೆ. "ಅತ್ತಿಗೇನ ನಮ್ಮನೇಲೇ ಇಟ್ಕೊಳ್ಳೋಣ."

"ಅವಳು ಮಿಷನ್ ಬಿಟ್ಟು ಬರ್ತಾಳಾ?"

"ಮಿಷನ್ನೂ ತರೋಣ."

"ಓಣೀನ?"

ನನಗೆ ಸಿಟ್ಟು ಬಂತು. ಅದನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಮತ ಹಾಕುವ ದಿನ ನಾನು ಮೇಲೆ ನೋಡುಗರ ಸಾಲಿನಲ್ಲಿ ಕೂತಿದ್ದೆ. ಕೆಳಗೆ ಇವರು ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು. ಯಾಕೆಂದು ಯಾರಿಗೂ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಆ ಕೈಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ, ಎಡಗೈಯಲ್ಲಿ ಕೆಂಪು ಒತ್ತುವ ಯೋಚನೆ.

ಗಂಟೆ ಹೊಡೆಯಿತು. ತೊಡೆಯ ಕೆಳಗಿಂದ ಬಲಗೈ ಎದ್ದು ಬಂದದ್ದೇ ಹಸಿರು ಒತ್ತಿಬಿಟ್ಟಿತು. ಫಲಕದಲ್ಲಿ ಅವರ ಹೆಸರಿನ ಪಕ್ಕ ಹಸಿರು ದೀಪ.

ಅಬ್ಬಾ, ಬದುಕಿದೆವು ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಆಮೇಲೆ ಇವರ ಮುಖ ನೋಡಿದೆ. ಮುದುಕಿಯೊಬ್ಬಳು ಇನ್ನೂ ಒಂದು ಕಾಲು ನೆಲದ ಮೇಲಿಟ್ಟಿರುವಾಗಲೇ ರೈಟ್ ಕೊಟ್ಟುಬಿಟ್ಟ ಕಂಡಕ್ಟರನ ಮುಖ ಅದು.

ಬೆರಳು ತಪ್ಪಿದವರು ಆಗಲೇ ಎದ್ದು ಹೇಳಿದರೆ ತಿದ್ದಿಕೊಳ್ಳುತ್ತಾರೆ, ಅಲ್ಲಿಯ ನಿಯಮ ಅದು. ಕೆಂಪನ್ನಾದರೆ ಕೂತಲ್ಲೇ ಒತ್ತಬಹುದಿತ್ತು. ಈಗ ಏಳಬೇಕು, ಎಲ್ಲರೆದುರು ಬಾಯಿ ಬಿಟ್ಟು ಹೇಳಬೇಕು. ಕೂತಿರಿ, ದಮ್ಮಯ್ಯ ಅಂತೀನಿ, ಕೂತಿರಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಎದ್ದರು. ಮೊಣಕಾಲು ಮೇಜಿಗೆ ಬಡಿದ ಸದ್ದು ನನಗೂ ಕೇಳಿಸಿತು. ಹಿಂದಿನಿಂದ ಸಚೇತಕ ಅವರ ಕೋಟು ಹಿಡಿದು ಎಳೆದ. ಇವರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಕೈತಪ್ಪಾಯ್ತು. ನಂದು..."

"ಏನು? ಕೇಳಿಸ್ತಿಲ್ಲ" ಅಂದರು ಸಭಾಧ್ಯಕ್ಷರು.

"ಇಲ್ಲ! ನನ್ನ ಮತ ಇಲ್ಲ!"

ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಹಳೇ ದನಿ. ಮಸೂದೆ ಹೇಗೂ ಪಾಸಾಯಿತು, ಇವರೊಬ್ಬರ ಮತದಿಂದ ಏನೂ ನಿಲ್ಲಲಿಲ್ಲ.

ಹೊರಗೆ ಪಕ್ಷದ ಕಾರು ಇರಲಿಲ್ಲ. ಬಸ್ಸು ಹಿಡಿದು ನೇರ ಅತ್ತಿಗೆಯ ಓಣಿಗೆ ಹೊರಟೆವು. ಹಿಂದಿನ ಗಾಜಿನಲ್ಲಿ ಅದೇ ಬೈಕು. ಇವರು ನನ್ನ ಕೈ ಹಿಡಿದುಕೊಂಡರು. ಯಾರ ಕೈ ಹೆಚ್ಚು ತಣ್ಣಗಿತ್ತೋ ಹೇಳಲಾರೆ.

ಓಣಿಯಲ್ಲಿ ಜನ ಜಗಲಿಯ ಮೇಲೆ ಕೂತಿದ್ದರು. ಕ್ಷೌರದಂಗಡಿಯವನು ಇವರನ್ನು ಕಂಡು ನೆಲಕ್ಕೆ ಉಗಿದ. ಅತ್ತಿಗೆಯ ಬಾಗಿಲು ಮುಚ್ಚಿತ್ತು.

"ಅಕ್ಕಾ, ನಾನು."

"ಗೊತ್ತು" ಅಂದರು ಒಳಗಿನಿಂದ. "ಟೀವೀಲಿ ನೋಡ್ದೆ, ನಿನ್ನ ಹಸಿರು ದೀಪಾನ. ಮನೆಗೆ ಹೋಗು."

ಆಗ ಅರ್ಥವಾಯಿತು. ದೀಪ ಹತ್ತಿದ್ದೇ ತಡ ಟೀವಿಯವರು ಮಸೂದೆ ತಂದ ಮಂತ್ರಿಯ ನಗುಮುಖ ತೋರಿಸಲು ಹೋಗಿರಬೇಕು. ಇವರು ಎದ್ದು ನಿಂತದ್ದನ್ನು ಓಣಿಯವರು ಯಾರೂ ನೋಡಿರಲಿಲ್ಲ.

"ಆಮೇಲೆ ಎದ್ದು ಇಲ್ಲ ಅಂದೆ ಅಕ್ಕಾ."

"ಹೌದೌದು. ಹಲ್ಲಿಗೆ ಹೆದರೋನು ನೀನು. ಎದ್ದು ಹೇಳ್ದೆಯಂತೆ."

"ನಿಜ ಅತ್ತಿಗೆ, ನಾನೇ ಕಣ್ಣಾರೆ ನೋಡ್ದೆ" ಅಂದೆ. ಹೆಂಡತಿಯ ಸಾಕ್ಷಿಗೆ ಎಷ್ಟು ಬೆಲೆ? ಚಿಲಕ ಅಲುಗಲಿಲ್ಲ. ಓಣಿಯ ಬಾಯಲ್ಲಿ ಬೈಕು ಬಂದು ನಿಂತಿತು. ಮುಂದೆ ಮುಚ್ಚಿದ ಬಾಗಿಲು, ಹಿಂದೆ ಬೈಕಿನವರು.

ಆಗ ಇವರ ಫೋನು ಹೊಡೆದುಕೊಂಡಿತು. ಸಚೇತಕ. ಇವರು ಯಥಾಪ್ರಕಾರ ನನ್ನ ಮುಖ ನೋಡಿದರು. ನಾನು ಕಿತ್ತುಕೊಂಡು ಸ್ಪೀಕರ್ ಹಾಕಿ ಬಾಗಿಲಿನ ಸಂದಿಗೆ ಹಿಡಿದೆ.

"ಕಂಡಕ್ಟರ್ ನನ್ಮಗನೇ!" ಅವನ ಕಿರುಚಾಟ ಓಣಿಗೆಲ್ಲ ಕೇಳಿಸಿತು. "ಇಷ್ಟು ವರ್ಷ ಪಕ್ಷ ಸಾಕಿದ್ದು ಇದಕ್ಕೇನೋ? ಕೋಟು ಹಿಡಿದು ಎಳೆದ್ರೂ ಕೂರ್ದೆ, ಎಲ್ಲರೆದುರು ಎದ್ದು ನಿಂತು ಇಲ್ಲ ಅಂತೀಯಾ? ನಿನ್ನ ಕಾಲು, ನಿಮ್ಮಕ್ಕನ ಮನೆ, ಎರಡೂ ಇರಲ್ಲ. ನೋಡ್ತಿರು."

ಚಿಲಕ ಸರಿಯಿತು.

ಅತ್ತಿಗೆ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಕಾಲು ಹೆಂಗ್ ನಡುಗ್ತಿದೆ ನೋಡು. ಬಾ ಒಳಗೆ" ಅಂತ ತೋಳು ಹಿಡಿದು ಎಳೆದುಕೊಂಡರು. ನಾನೂ ನುಗ್ಗಿದೆ. ಅತ್ತಿಗೆ ಮೇಲಿನ ಚಿಲಕ ಹಾಕಿದರು, ಕೆಳಗಿನದನ್ನೂ ಹಾಕಿದರು. ಆಮೇಲೆ ಮಿಷನ್ನಿನ ಒಂದು ಬದಿ ಹಿಡಿದು, "ಹಿಡ್ಕೋ ಪುಟ್ಟಾ" ಅಂದರು. ಮೂವರೂ ಸೇರಿ ಅದನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿದೆವು.

ಹೊರಗೆ ಏನೋ ದರದರ ಎಳೆದ ಸದ್ದು ಬಾಗಿಲ ಹತ್ತಿರವೇ ಬಂತು. ಇವರು ಕಣ್ಣು ಮುಚ್ಚಿಕೊಂಡರು. ನಾನು ಕಿಟಕಿಯ ಸಂದಿಯಿಂದ ನೋಡಿದೆ. ಕ್ಷೌರದಂಗಡಿಯವನು ತನ್ನ ಬೆಂಚು ತಂದು ನಮ್ಮ ಬಾಗಿಲಿಗೆ ಅಡ್ಡ ಹಾಕಿದ್ದ. ಪಕ್ಕದಲ್ಲಿ ಇನ್ನಿಬ್ಬರು ಬಂದು ಕೂತರು.

"ಕಂಡಕ್ಟ್ರೇ, ನಾವಿಲ್ಲೇ ಇರ್ತೀವಿ" ಅಂದ, ತಿರುಗಿ ನೋಡದೆ. ಅವನ ದನಿಯೂ ನಡುಗುತ್ತಿತ್ತು.