ಎಡಗಡೆ ಸೀಟಿನ ಮಾತು

ನಮ್ಮವ್ವ ಕಾರಿನಲ್ಲಿ ಕುಳಿತರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ, ಅಪ್ಪನ ಎಡಕ್ಕೆ, ಸೆರಗು ಹೊದ್ದು ಕುಳಿತು ಕಂಡದ್ದನ್ನೆಲ್ಲ ಹೇಳುತ್ತ ಹೋಗುವುದು ಅವಳ ರೂಢಿ. ತಿಂಗಳ ಸಾಮಾನಿಗೆಂದು ಹೈದರಾಬಾದಿನ ಬೇಗಂ ಬಜಾರಿಗೆ ಹೊರಟರಂತೂ ಕೇಳುವುದೇ ಬೇಡ.

"ಅಲ್ನೋಡ್ರಿ, ಹಸರು ಸೀರಿಯಾಕಿ ಸೀತಾಫಲದ ಬುಟ್ಟಿ ಹೊತ್ಕೊಂಡು ದಾಟಾಕತ್ತಾಳ. ಆ ಮುದುಕ ನೋಡ್ರಿ, ಸೈಕಲ್ ಮ್ಯಾಲೆ ಬೆಲ್ಲದ ಪೆಂಟಿ ಇಟ್ಕೊಂಡು ಎಡಕ್ಕ ಹೊಳ್ಳಾಕತ್ತಾನ."

ಅಪ್ಪ ರೇಗುತ್ತಿದ್ದರು. "ರೇಡಿಯೋ ಆಗಿಯಲ್ಲ ನೀ! ನಿನ್ನ ಬಾಯಿಗೆ ಬ್ರೇಕ್ ಎಲ್ಲದ?"

"ಬ್ರೇಕು ನಿಮ್ಮ ಕಾಲಾಗ ಅದಲ್ರಿ, ಅದನ್ನ ಒತ್ರಿ," ಎನ್ನುತ್ತಿದ್ದಳು ಅವ್ವ. ಹಿಂದಿನ ಸೀಟಿನಲ್ಲಿ ನಾನು, ನನ್ನ ತಮ್ಮ ಬಿದ್ದು ಬಿದ್ದು ನಗುತ್ತಿದ್ದೆವು. ಅಪ್ಪ ಬ್ರೇಕು ಒತ್ತುತ್ತಿದ್ದರು ಎನ್ನುವುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಅಪ್ಪ ಸರಕಾರಿ ನೌಕರಿಯಲ್ಲಿದ್ದಾಗ ಜಿಲ್ಲೆಜಿಲ್ಲೆಗೆ ತಾವೇ ಜೀಪು ಓಡಿಸಿಕೊಂಡು ಹೋದವರು. ಇಷ್ಟು ವರ್ಷದಲ್ಲಿ ಬಂಡಿಗೆ ಒಂದು ಗೀರೂ ಬಿದ್ದಿಲ್ಲ ಎಂಬುದು ಅವರ ಹೆಮ್ಮೆ. ಅವರು ಓಡಿಸುವಾಗ "ಸ್ವಲ್ಪ ನಿಧಾನ" ಎಂದು ಹೇಳುವ ಎದೆ ನಮ್ಮ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಹಿರಿಯರಿಗೆ ಹಾಗೆಲ್ಲ ಹೇಳಬಾರದೆಂದು ಬೆಳೆದವರು ನಾವು.

ಅವ್ವ ತೀರಿಕೊಂಡ ಮೂರನೆಯ ತಿಂಗಳು. ತಮ್ಮನ ಮನೆಗೆಂದು ಗಚ್ಚಿಬೌಲಿಗೆ ಹೊರಟಿದ್ದೆವು. ಬೆಳಗಿನ ಒಂಬತ್ತರ ಸುಮಾರು. ಅವ್ವ ಕೂರುತ್ತಿದ್ದ ಸೀಟಿನಲ್ಲಿ ನಾನಿದ್ದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ದೊಡ್ಡ ರಸ್ತೆ ಬಿಟ್ಟು ಅಪಾರ್ಟ್‌ಮೆಂಟುಗಳ ಓಣಿಗೆ ತಿರುಗುವಾಗ ಅಪ್ಪ ಎಡಕ್ಕೆ ಮುಖ ಹೊರಳಿಸಿದರು. ಅಂಚಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಬುತ್ತಿಯ ಗಂಟು. ಅವಳು ಅಪ್ಪನ ಮುಖ ನೋಡಿದಳು, ಕಾಲು ಮುಂದಿಟ್ಟಳು. ಅಷ್ಟನ್ನೂ ನಾನು ಕಂಡೆ. "ಅಪ್ಪಾ, ನಿಲ್ಲಿಸ್ರಿ" ಎಂಬ ಮಾತು ನಾಲಗೆಯ ತನಕ ಬಂದಿತ್ತು. ನಾನು ಹುಟ್ಟುವ ಮೊದಲಿನಿಂದ ಬಂಡಿ ಓಡಿಸಿದವರಿಗೆ ನಾನೇನು ಹೇಳುವುದೆಂದು ನುಂಗಿಕೊಂಡೆ.

ಕಾರು ಜೋರಾಗಿರಲಿಲ್ಲ. ಆದರೂ ಬಿದ್ದಳು.

ಅಪ್ಪ ಇಳಿದವರೇ ಹೈದರಾಬಾದಿನ ಹಿಂದಿಯಲ್ಲಿ, "ದೇಖ್‌ಕೆ ನಹೀಂ ಚಲ್ತೇ ಕ್ಯಾ!" ನೋಡಿಕೊಂಡು ನಡೆಯಬಾರದೇ ಎಂದು ಗದರಿದರು. ಅವಳು ಮುಂಗೈ ಹಿಡಿದುಕೊಂಡು, "ಯವ್ವಾ, ಸತ್ತೆನಬೇ," ಎಂದು ನರಳಿದಳು. ಕನ್ನಡ ಕಿವಿಗೆ ಬಿದ್ದದ್ದೇ ಅಪ್ಪನ ದನಿ ಇಳಿಯಿತು.

"ಯಾವೂರವ್ವ ನಿಂದು?"

"ಯಾದಗಿರಿ ಕಡಿ, ಯಪ್ಪಾ. ನೀ ನನ್ನ ಕಡಿ ನೋಡಿದಿ. ನೋಡ್ಯಾರ, ನಿಂದರ್ತಾರ ಅಂತ ಕಾಲಿಟ್ಟೆ."

"ನಾ ಎಲ್ಲಿ ನೋಡಿದೆ? ನೀನೇ ಒಮ್ಮಿಗ್ಲೇ ಅಡ್ಡ ಬಂದಿ."

ಪಕ್ಕದ ಕಟ್ಟಡದ ಕೆಲಸದಿಂದ ಓಡಿಬಂದ ಅವಳ ಮೇಸ್ತ್ರಿಗೂ ಅಪ್ಪ ಅದನ್ನೇ ಹೇಳಿದರು. ಸುಳ್ಳು ಹೇಳುತ್ತಿರಲಿಲ್ಲ. ಅವರ ಪಾಲಿಗೆ ಅವಳು ಇಲ್ಲದ ಜಾಗದಿಂದ ಬಂದಿದ್ದಳು.

ಮುಂಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿ, ಅವಳನ್ನು ಅವಳ ಶೆಡ್ಡಿಗೆ ಬಿಟ್ಟು ಬರುವಾಗ ಅಪ್ಪ ಕೇಳಿದರು, "ನಿನಗ ಕಂಡಿದ್ಲೇನು ಆಕಿ?"

"ಕಂಡಿದ್ಲು."

"ಮತ್ಯಾಕ ಹೇಳ್ಲಿಲ್ಲ?"

"ನಿಮಗೂ ಕಂಡಾಳ ಅಂತ ತಿಳ್ಕೊಂಡೆ, ಅಪ್ಪಾ."

ಆಮೇಲೆ ಎರಡು ದಿನ ಅಪ್ಪ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ತಾವಾಗಿಯೇ ಕಣ್ಣು ತೋರಿಸೋಣ ಎಂದರು.

ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಅಂಚಿನ ನೋಟ ವರ್ಷಗಟ್ಟಲೆ ಮೆಲ್ಲಗೆ ಸವೆದು ಹೋಗಿದೆಯಂತೆ. ನಡುವಿನದು ಸ್ಪಷ್ಟ, ಪೇಪರು ಓದಲು ತೊಂದರೆಯಿಲ್ಲ. ಕಾಣದ ಜಾಗ ಕಪ್ಪಗೂ ತೋರುವುದಿಲ್ಲ, ಅಲ್ಲಿ ಖಾಲಿ ರಸ್ತೆಯಿದೆ ಎಂದು ಮನಸ್ಸೇ ತುಂಬಿಕೊಂಡು ಬಿಡುತ್ತದೆ. ಹಾಗಾಗಿ ಕಾಣುತ್ತಿಲ್ಲ ಎನ್ನುವುದು ಕಾಣದವರಿಗೇ ಗೊತ್ತಾಗುವುದಿಲ್ಲ. ಇಷ್ಟು ದಿನ ಈ ಊರಿನಲ್ಲಿ ಹೇಗೆ ಓಡಿಸಿದಿರಿ ಎಂದು ಅವರು ಬೆರಗಾದರು.

ಹೊರಗಿನ ಬೆಂಚಿನ ಮೇಲೆ ಕುಳಿತು ಅಪ್ಪ ಕಾರಿನ ಕೀಲಿಯನ್ನು ನನ್ನ ಮಡಿಲಲ್ಲಿ ಹಾಕಿದರು.

"ನಿಮ್ಮವ್ವ ಹೇಳ್ತಿದ್ಲಲ್ಲ," ಎಂದರು. "ಬಾಯಿ ಮುಚ್ಚು ಅಂತಿದ್ದೆ ನಾ."

ಅವ್ವನಿಗೆ ಗೊತ್ತಿತ್ತೇ? ನನಗೆ ಇಂದಿಗೂ ಹೇಳಲಾಗದು. ರೋಗದ ಹೆಸರಂತೂ ಗೊತ್ತಿರಲಿಕ್ಕಿಲ್ಲ. ತಾನು ಬಾಯಿಬಿಟ್ಟರೇ ಕಾರು ನಿಲ್ಲುತ್ತದೆ ಎನ್ನುವಷ್ಟು ತಿಳಿದಿತ್ತೇನೋ. ಗಂಡನಿಗೆ "ನಿಮಗ ಕಾಣವಲ್ದು" ಎನ್ನಲಾರದೆ ಬೀದಿಯನ್ನೆಲ್ಲ ಹರಟೆ ಮಾಡಿಕೊಂಡಳೇನೋ. ನಾವು ನಕ್ಕೆವು.

ಆ ಹೆಂಗಸಿನ ಕೈಯ ಪಟ್ಟಿ ಬಿಚ್ಚಿದ ಮೇಲೆ ಅಪ್ಪ, ನಾನು ಆಟೋದಲ್ಲಿ ಅವಳನ್ನು ನೋಡಲು ಹೋದೆವು. ಮರಳಿನ ಗುಂಪೆಯ ಮಗ್ಗುಲಲ್ಲಿ ಕುಳಿತಿದ್ದಳು. ನಮ್ಮನ್ನು ಕಂಡು ಜೊತೆಯವಳೊಬ್ಬಳು ಕೂಗಿದಳು, "ಏನಬೇ, ನಿನ್ನ ಕೆಡವಿದ ಮಾವ ಬಾಳಿಹಣ್ಣು ತಂದಾನ ನೋಡು! ಇನ್ನೊಂದು ಕೈ ಜ್ವಾಕಿ!"

ಅವಳೂ ನಕ್ಕಳು. ಕೈ ಹೇಗಿದೆ ಎಂದರೆ, "ರೊಟ್ಟಿ ಬಡಿಯಾಕ ಬರವಲ್ದ್ರಿ," ಎಂದಳು. "ಮೇಸ್ತ್ರಿ ಕೆಲಸಕ್ಕ ತಗೋವಲ್ಲ. ರಸ್ತೆ ಮ್ಯಾಲೇ ಕಣ್ಣಿಲ್ದಾಂಗ ನಡ್ಯಾಕಿ, ಮಾಳಗಿ ಹತ್ತಿದ್ರ ಬೀಳ್ತಿ ಅಂತಾನ. ನಂದ ತಪ್ಪು ಬಿಡ್ರಿ. ಎಲ್ರೂ ಹಂಗ ಅಂತಾರ."

ಅಪ್ಪ ಅವಳೆದುರು ನೆಲದಲ್ಲೇ ಕುಕ್ಕರಿಸಿದರು. "ನಿಂದಲ್ಲವ್ವ. ನನಗ ಬಗಲಾಗಿಂದು ಕಾಣಂಗಿಲ್ಲ. ಡಾಕ್ಟರು ಹೇಳ್ಯಾರ."

ಅವಳು ಅವರ ಕಣ್ಣುಗಳನ್ನೇ ನೋಡಿದಳು. "ಹಂಗಾರ ಅವಂಗೊಂದು ಮಾತು ಹೇಳ್ರಿ, ಯಪ್ಪಾ. ನಾ ಹೇಳಿದ್ರ ಕೇಳಂಗಿಲ್ಲ."

ಅಪ್ಪ ಎದ್ದು ಜಲ್ಲಿಯ ಮೇಲೆ ಕಾಲು ತಡವರಿಸುತ್ತ ಮೇಸ್ತ್ರಿಯ ಹತ್ತಿರ ಹೋದರು. ತಮ್ಮ ಆಫೀಸಿನ ತೆಲುಗಿನಲ್ಲಿ, ತಪ್ಪು ನನ್ನದು, ಅವಳು ಸರಿಯಾಗಿಯೇ ನೋಡಿ ದಾಟಿದಳು, ಕಾಣದವನು ನಾನು ಎಂದರು. ಅವನು ಫೋನಿನಲ್ಲಿ ಮಾತಾಡುತ್ತಲೇ "ಸರೇ ಸಾರ್" ಎಂದು ಕೈ ಎತ್ತಿದ. ಅಪ್ಪ ಅಲ್ಲಾಡಲಿಲ್ಲ. ಅವನ ಫೋನು ಮುಗಿಯುವ ತನಕ ಬಿಸಿಲಿನಲ್ಲಿ ನಿಂತು, ಮತ್ತೆ ಮೊದಲಿನಿಂದ ಹೇಳಿದರು.

ಅವನು ಈ ಸಲ ಕೇಳಿಸಿಕೊಂಡ. ಆಮೇಲೆ ಇವಳ ಕಡೆ ತಿರುಗಿ, ಆ ಕೈಯಲ್ಲಿ ಒಂದು ಇಟ್ಟಿಗೆ ಎತ್ತಿ ತೋರಿಸು ಎಂದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.